ತೂತು ಹೇಳಿದಂತೆ ನಡೆಯುವ ಗಾಡಿ

ಬನಹಟ್ಟಿಯ ಓಣಿಯಲ್ಲಿ ಭಾನುವಾರದ ನಸುಕು. ಕರೆಂಟು ಇನ್ನೂ ಬಂದಿಲ್ಲ, ಹಾಗಾಗಿ ಪವರ್‌ಲೂಮುಗಳೆಲ್ಲ ಬಾಯಿ ಮುಚ್ಚಿಕೊಂಡಿವೆ. ಕೇಳುವುದು ಒಂದೇ ಸದ್ದು, ತಂಗೆವ್ವನವರ ಸುತ್ತಿಗೆಯದು. ಬಾಗಿಲ ಬೆಳಕಿಗೆ ಮುಖಮಾಡಿ ಕೂತು, ಕಬ್ಬಿಣದ ಹಲಗೆಯ ಮೇಲೆ ರಟ್ಟಿನ ಕಾರ್ಡು ಇಟ್ಟು ತೂತು ಹೊಡೆಯುತ್ತಿದ್ದಾರೆ.

ಇದು ಸೀರೆ ನೇಯುವ ಮಗ್ಗದ ಕಾರ್ಡಲ್ಲ, ಮಕ್ಕಳು ಕಟ್ಟಿದ ಗಾಡಿಯದು. ರಾತ್ರಿ ಶೆಡ್ಡಿನ ತಗಡು ಸೋರಿ ಮಕ್ಕಳು ಮಾಡಿಟ್ಟ ಕಾರ್ಡಿನ ಸರದಲ್ಲಿ ಒಂದು ನೆನೆದು ಹರಿದಿದೆ. ಮಕ್ಕಳು ಬರುವ ಮೊದಲೇ ಬದಲಿ ಕಾರ್ಡು ಸಿದ್ಧವಾಗಬೇಕು. ಎಂಟಕ್ಕೆ ಹೆಡ್‌ಮಾಸ್ತರ ಚನಮಲ್ಲಪ್ಪನವರು ಬರುತ್ತಾರೆ. ಈ ಬಾಡಿಗೆ ಶೆಡ್ಡಿನಲ್ಲಿ ಮುಂದಿನ ತಿಂಗಳು ಹೊಸ ಮಗ್ಗಗಳು ಕೂರುತ್ತವೆ. ಸಾಲೆಯ ಮೂಲೆಯ ಖೋಲಿ ಸಿಕ್ಕರೆ ತಂಗೆವ್ವನವರು ಮಕ್ಕಳಿಗೆ ಹೇಳುವ ಭಾನುವಾರದ ಪಾಠ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲಿಗೇ ಮುಗಿಯುತ್ತದೆ. ಮಾಸ್ತರರ ಷರತ್ತು ಒಂದೇ: ಮಕ್ಕಳಿಗೆ ನಿಜವಾಗಿ ಏನು ತಿಳಿದಿದೆ ಎಂಬುದನ್ನು ಕಣ್ಣಾರೆ ಕಾಣಬೇಕು.

ಸೀರೆಯ ಅಂಚಿನಲ್ಲಿ ನವಿಲು ಮೂಡಬೇಕಾದರೆ ಯಾವ ಎಳೆ ಏಳಬೇಕು, ಯಾವುದು ಸುಮ್ಮನಿರಬೇಕು ಎಂದು ಮಗ್ಗಕ್ಕೆ ಹೇಳುವುದು ಈ ಕಾರ್ಡಿನ ತೂತುಗಳೇ. ಮಾವ ಮುರಗೆಪ್ಪನವರ ಕಣ್ಣು ಮಂಜಾದಾಗ ಅವರ ಸುತ್ತಿಗೆ ಹಿಡಿದ ಸೊಸೆ ತಂಗೆವ್ವ, ಇಪ್ಪತ್ತೆರಡು ವರ್ಷಗಳಿಂದ ಅದನ್ನು ಕೆಳಗಿಟ್ಟಿಲ್ಲ. ದಿನಕ್ಕೆ ನೂರೈವತ್ತು ಕಾರ್ಡು. ಹೆಬ್ಬೆರಳ ಗೆಣ್ಣು ದಪ್ಪಗಾಗಿದೆ, ಚಳಿಗಾಲದಲ್ಲಿ ಮಡಿಸಲು ಬರುವುದಿಲ್ಲ. ಸೀರೆ ಉಟ್ಟವರಿಗೆ ನೇಕಾರನ ಹೆಸರೇ ಗೊತ್ತಿರುವುದಿಲ್ಲ, ಕಾರ್ಡು ಹೊಡೆದವಳನ್ನು ಕೇಳುವವರು ಯಾರು? ಹೆಸರು ಹೊರಗೆ ಬಂದದ್ದು ಒಮ್ಮೆ ಮಾತ್ರ, ಒಂದು ತೂತು ಬಿಟ್ಟುಹೋಗಿ ಹನ್ನೊಂದು ಸೀರೆಗಳ ನವಿಲಿಗೆ ಕಣ್ಣಿಲ್ಲದಂತಾದಾಗ.

ನಾಲ್ಕು ವರ್ಷಗಳ ಹಿಂದೆ, ನೂಲಿನ ಕಂಡಿಕೆ ಸುತ್ತುವ ತಾಯಂದಿರ ಜೊತೆ ಬಂದ ಹುಡುಗಿಯರು ರದ್ದಿ ಕಾರ್ಡುಗಳಲ್ಲಿ ಆಡುತ್ತಿದ್ದರು. ಅವರಲ್ಲೊಬ್ಬಳು, "ಈ ತೂತು ಏನಂತೈತಿ?" ಎಂದು ಕೇಳಿದಳಂತೆ. ಉತ್ತರ ಹೇಳಲು ಶುರುಮಾಡಿದವರು ಇನ್ನೂ ಮುಗಿಸಿಲ್ಲ. ಈಗ ಭಾನುವಾರ ಹದಿನಾಲ್ಕು ಮಕ್ಕಳು ಸೇರುತ್ತಾರೆ. ಚಿಮ್ಮಡದಿಂದಲೂ ಇಬ್ಬರು ಬಸ್ಸು ಹತ್ತಿ ಬರುತ್ತಾರೆ. ಎಲ್ಲರೂ ಸಾಲೆಯ ಶಿಕ್ಷಕಿಯನ್ನು ಕರೆಯುವಂತೆ "ಅಕ್ಕೋರ" ಎನ್ನುತ್ತಾರೆ.

"ನಾ ಎಲ್ಲಿ ಅಕ್ಕೋರಾದೆನ್ರಿ! ಸಾಲಿ ನಾಕನೇತ್ತಾ ತನಕ ಓದಾಕಿ," ಎಂದು ನಗುತ್ತಾರೆ ತಂಗೆವ್ವ.

ಮಕ್ಕಳು ಕಟ್ಟಿದ ಗಾಡಿಗೆ ಹಳೆಯ ರೀಲಿನ ಚಕ್ರ, ಕೆಟ್ಟ ಟೇಪ್‌ರೆಕಾರ್ಡರಿನ ಎರಡು ಮೋಟರು, ಬ್ಯಾಟರಿಯ ಸೆಲ್ಲು. ಅಲಾರಾಂ ಗಡಿಯಾರದ ಕೀಲಿ ಕಾರ್ಡಿನ ಸರವನ್ನು ನಿಧಾನವಾಗಿ ಎಳೆಯುತ್ತದೆ. ಪ್ರತಿ ಕಾರ್ಡಿನಲ್ಲಿ ತೂತಿಗೆ ಎರಡೇ ಜಾಗ, ಎಡಕ್ಕೊಂದು ಬಲಕ್ಕೊಂದು. ತೂತಿದ್ದಲ್ಲಿ ಸೈಕಲ್ ಕಡ್ಡಿ ಕೆಳಗಿನ ತಗಡಿಗೆ ತಾಗಿ ಆ ಬದಿಯ ಚಕ್ರ ತಿರುಗುತ್ತದೆ. ಎರಡೂ ಇದ್ದರೆ ಗಾಡಿ ನೇರ ಹೋಗುತ್ತದೆ, ಒಂದೇ ಇದ್ದರೆ ನಿಂತ ಚಕ್ರದ ಕಡೆಗೆ ಹೊರಳುತ್ತದೆ. ಒಂದು ಕಟ್ಟುನಿಟ್ಟಿನ ನಿಯಮ ಮಾತ್ರ ಉಂಟು: ಗಾಡಿ ಹೊರಟ ಮೇಲೆ ಎಲ್ಲರ ಕೈ ಬೆನ್ನ ಹಿಂದೆ.

"ಕೈಲೆ ತಿರುವಿದ್ರ ಗಾಡಿ ಸೀದಾ ಆಕ್ಕೈತಿ, ತಪ್ಪು ಅಲ್ಲೇ ಉಳಿತೈತಿ," ಎನ್ನುತ್ತಾರೆ ಅವರು. "ಮಾಡಿದ್ದುಣ್ಣೋ ಮಹಾರಾಯ ಅಂದಂಗ, ನೀ ಹೊಡದಂಗ ಅದು ನಡಿತೈತಿ. ಗಾಡಿಗಿ ಬೈಬ್ಯಾಡ್ರಿ, ಕಾರ್ಡ್ ನೋಡ್ರಿ."

ತಪ್ಪಿದ ಕಾರ್ಡುಗಳನ್ನು ಎಸೆಯುವುದಿಲ್ಲ. ಹೊಡೆದವರ ಹೆಸರು ಬರೆದು ಗೋಡೆಯ ತಂತಿಗೆ ಸಿಕ್ಕಿಸುತ್ತಾರೆ. ತಂತಿಯಲ್ಲಿ ಎಲ್ಲ ಮಕ್ಕಳ ಹೆಸರೂ ಇದೆ.

ಎಂಟಕ್ಕೆ ಮಾಸ್ತರರು ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಗಾಡಿ ಬಾಗಿಲಿಂದ ಹೊರಟು, ಅಂಗಳದ ಒರಳನ್ನು ಸುತ್ತಿ, ಅವರ ಕಾಲ ಬಳಿ ನಿಲ್ಲಬೇಕು. ನೇರ ಹೋಗುತ್ತದೆ. ಒರಳಿನ ಹತ್ತಿರ ಎಡಕ್ಕೆ ಹೊರಳಬೇಕಾದದ್ದು ಬಲಕ್ಕೆ ಹೊರಳಿ, ತಂಗೆವ್ವನವರ ಪಾದದ ಪಕ್ಕದಲ್ಲೇ ಗೋಡೆಯತ್ತ ಸಾಗುತ್ತದೆ. ಕಾಲಿನಿಂದ ಒಂದಿಷ್ಟು ಒತ್ತಿದ್ದರೆ ಮಾಸ್ತರರಿಗೆ ಕಾಣುತ್ತಿರಲಿಲ್ಲ. ಖೋಲಿ ಕೈತಪ್ಪಿತು ಎಂದೇ ತಂಗೆವ್ವನವರಿಗೆ ಅನ್ನಿಸುತ್ತದೆ. ಆದರೂ ಕಾಲು ಕದಲುವುದಿಲ್ಲ. ಗಾಡಿ ಗೋಡೆಗೆ ಬಡಿದು ನಿಲ್ಲುತ್ತದೆ.

ಹನ್ನೆರಡು ವರ್ಷದ ಹಾಲವ್ವ ಮುಂದೆ ಬಂದು ಸರ ಬಿಚ್ಚಿ, ಗಾಡಿಯ ದಾರಿ ಬರೆದಿಟ್ಟ ಚೌಕಳಿ ನೋಟ್‌ಬುಕ್ಕಿನ ಚಿತ್ರದೊಂದಿಗೆ ಒಂದೊಂದೇ ಕಾರ್ಡು ತಾಳೆ ನೋಡುತ್ತಾಳೆ. ಒಂಬತ್ತನೆಯದಕ್ಕೆ ಬೆರಳು ನಿಲ್ಲುತ್ತದೆ. ಹೊಸ ರಟ್ಟು, ಬೆಳಗಿನದು. ಹುಡುಗಿ ತಲೆ ತಗ್ಗಿಸುತ್ತಾಳೆ.

"ಹೇಳ ಬೇ, ಯಾಕ ಅಂಜತಿ?" ಎನ್ನುತ್ತಾರೆ ತಂಗೆವ್ವ.

"ಬಲಕ್ಕ ಇರಬೇಕಾದ ತೂತು ಎಡಕ್ಕ ಬಿದ್ದೈತ್ರಿ ಅಕ್ಕೋರ. ಇದು... ನಿಮ್ಮ ಕಾರ್ಡರಿ."

ತಂಗೆವ್ವ ಕಾರ್ಡನ್ನು ಬೆಳಕಿಗೆ ಹಿಡಿದು ಹಣೆ ಬಡಿದುಕೊಳ್ಳುತ್ತಾರೆ. ಇಲ್ಲಿನ ಮಗ್ಗದಲ್ಲಿ ಸೀರೆಯನ್ನು ಮುಖ ಕೆಳಗೆ ಮಾಡಿ ನೇಯುತ್ತಾರೆ. ಹಾಗಾಗಿ ಸೀರೆಗೆ ಕಾರ್ಡು ಹೊಡೆಯುವವರು ಎಡವನ್ನು ಬಲವೆಂದೇ ಎಣಿಸಬೇಕು. ಅವಸರದಲ್ಲಿ ಇಪ್ಪತ್ತೆರಡು ವರ್ಷದ ಕೈ ತನ್ನ ರೂಢಿಯಂತೆ ಹೊಡೆದುಬಿಟ್ಟಿದೆ.

"ಗುರುವಿಗೇ ತಿರುಮಂತ್ರ ಹಾಕಿದಿ ಅಲ್ಲವಾ ಹುಡುಗಿ!" ಎನ್ನುತ್ತ ಮಾಸ್ತರರು ಎದ್ದೇ ನಿಂತಿದ್ದಾರೆ. ಹಾಲವ್ವ ತಾನೇ ಹೊಸ ಕಾರ್ಡು ಹೊಡೆದು ಸರಕ್ಕೆ ಹೊಲಿಯುತ್ತಾಳೆ. ಈ ಸಲ ಗಾಡಿ ಒರಳು ಸುತ್ತಿ ಬಂದು ಮಾಸ್ತರರ ಚಪ್ಪಲಿಗೆ ಮುಟ್ಟಿ ನಿಲ್ಲುತ್ತದೆ.

"ಧಾರವಾಡದಾಗ ತರಬೇತಿಗೆ ಹೋದಾಗ ಕಂಪ್ಯೂಟರ್ ತೋರಿಸಿದ್ರು. ಅದಕ್ಕೂ ಹಿಂಗ ಹೇಳಿಕೊಡಬೇಕಂತ. ಪ್ರೋಗ್ರಾಮ್ ಅಂತಾರದಕ್ಕ," ಎನ್ನುತ್ತಾರೆ ಮಾಸ್ತರರು.

"ಏನರ ಅನ್ಲೇಳ್ರಿ, ನಾವು ಕಾರ್ಡ್ ಅಂತೀವಿ. ಖೋಲಿದು ಏನ್ ಮಾಡ್ತೀರಿ, ಅದನ್ನ ಹೇಳ್ರಿ."

"ಮುಂದಿನ ಐತವಾರ ಅಲ್ಲೇ ಬರ್ರಿ. ಕಸ ಹೊಡಸಿ ಇಟ್ಟಿರ್ತೀನಿ."

ಕರೆಂಟು ಬಂದು ಓಣಿಯ ಮಗ್ಗಗಳು ಒಮ್ಮೆಲೇ ಸದ್ದು ಮಾಡತೊಡಗುತ್ತವೆ. ತಂಗೆವ್ವ ಆ ಒಂಬತ್ತನೆಯ ಕಾರ್ಡನ್ನು ಹಾಲವ್ವನ ಕೈಗೆ ಕೊಟ್ಟು ತಮ್ಮ ಹೆಸರು ಬರೆಸುತ್ತಾರೆ. ಹುಡುಗಿ ಅದನ್ನು ಮಕ್ಕಳ ಕಾರ್ಡುಗಳ ನಡುವೆ ತಂತಿಗೆ ಸಿಕ್ಕಿಸುತ್ತಾಳೆ. ತಂಗೆವ್ವ ಅದನ್ನೇ ನೋಡುತ್ತ ಕೂತಿದ್ದಾರೆ. ಕಣ್ಣು ತುಂಬಿವೆ.

"ಇಷ್ಟು ವರ್ಸ ನನ್ನ ತಪ್ಪು ಸೀರಿ ನೇದ ಮ್ಯಾಲೇ ಗೊತ್ತಾಗ್ತಿತ್ರಿ," ಎನ್ನುತ್ತಾರೆ. "ಇನ್ನ ಮೊದಲೇ ಓದಿ ಹೇಳಾಕ ಒಬ್ಬಾಕಿ ಅದಾಳ."