ಒಬ್ಬನೇ ಸವಾರ, ಎರಡು ಪಾಳಿ

ಕಬ್ಬಿಣ ಕಡೆಯುವ ಲೇತ್ ಯಂತ್ರ ಬಿಸಿಯಾಗದಂತೆ ಸುರಿಯುವ ಕೂಲೆಂಟ್ ಎಣ್ಣೆಗೆ ಸ್ವಲ್ಪ ಹುಳಿ ವಾಸನೆಯಿರುತ್ತದೆ. ಎಷ್ಟು ಒಗೆದರೂ ಬಟ್ಟೆ ಬಿಟ್ಟು ಹೋಗುವುದಿಲ್ಲ. ಎಲ್ಲಿಯಾದರೂ ಆ ವಾಸನೆ ಬಂದರೆ ಮೂಕಂಡಪಲ್ಲಿಯ ನಮ್ಮ ಬಾಡಿಗೆ ಮನೆ ನೆನಪಾಗುತ್ತದೆ. ಗೂಟಕ್ಕೆ ನೇತುಹಾಕಿದ ಚಿಕ್ಕಪ್ಪನ ನೀಲಿ ಅಂಗಿ, ಅದರ ಕೆಳಗೆ ಅವರು ಯಾರಿಂದಲೋ ಕೊಂಡು ತಂದಿದ್ದ ಹಳೆಯ ಕಂಪ್ಯೂಟರ್. ಆ ಮನೆ ಈಗಿಲ್ಲ. ಅಲ್ಲಿ ಗೋದಾಮು ಎದ್ದಿದೆ.

ಅಪ್ಪನ ತಮ್ಮನಾದ ಚಿಕ್ಕಪ್ಪನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಕಾರ್ಖಾನೆಯಲ್ಲಿ ಅವರದು ಸದಾ ಎರಡನೇ ಪಾಳಿ. ನಾನು ಶಾಲೆಯಿಂದ ಬರುವಷ್ಟರಲ್ಲಿ ಹೊರಟುಹೋಗಿರುತ್ತಿದ್ದರು, ಅವರು ಮರಳುವಾಗ ನಾನು ಮಲಗಿರುತ್ತಿದ್ದೆ, ನಾನು ಶಾಲೆಗೆ ಹೊರಡುವಾಗ ಅವರಿನ್ನೂ ಎದ್ದಿರುತ್ತಿರಲಿಲ್ಲ. ಭಾನುವಾರ ಬಿಟ್ಟರೆ ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಕಂಪ್ಯೂಟರ್ ಆಟ. ಬೆಟ್ಟ, ಕಾಡು, ಪಾಳು ಕೋಟೆಗಳ ವಿಶಾಲವಾದ ನಾಡು. ಅಲ್ಲಿ ಕತ್ತಿ ಹಿಡಿದ ಕುದುರೆ ಸವಾರನೊಬ್ಬ ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದಿತ್ತು. ಬೆಳಿಗ್ಗೆ ಅವನನ್ನು ಚಿಕ್ಕಪ್ಪ ನಡೆಸುತ್ತಿದ್ದರು, ಸಂಜೆ ನಾನು. ಪಾಳಿ ಬದಲಾಗುವಾಗ ಯಂತ್ರದ ಸ್ಥಿತಿಯನ್ನು ಮುಂದಿನವರಿಗೆ ಬರೆದಿಡುವ ಕಾರ್ಖಾನೆಯ ಪದ್ಧತಿಯನ್ನು ಅವರು ಮನೆಗೂ ತಂದರು. 'ಸೇತುವೆಯ ಬಳಿ ನಿಲ್ಲಿಸಿದ್ದೇನೆ. ತೋಳ ಎರಡು. ಔಷಧಿ ಒಂದೇ ಉಳಿದಿದೆ' ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದರೆ, ಮರುದಿನ ಕೆಳಗೆ ಅವರ ದಪ್ಪ ಅಕ್ಷರ: 'ಕುದುರೆ ಎಲ್ಲಿ ಬಿಟ್ಬುಟ್ಟೆ ತಾಯಿ? ಒಂದ್ಗಂಟೆ ಹುಡುಕಿವ್ನಿ. ಗುಹೆ ಒಳಕ್ಕೆ ನೀನೇ ಹೋಗು, ಜೇಡ ಕಂಡ್ರೆ ನಂಗಾಗಕಿಲ್ಲ.' ಕೊನೆಗೆ ಸಹಿ. "ಎಂಟು ಗಂಟೆ ದುಡಿದಿದ್ದು ಸಾಲ್ದು ಅಂತ ಮನೇಲೂ ಡ್ಯೂಟಿ ಮಾಡ್ತಾವ್ರೆ ನಿಮ್ಮ ತಮ್ಮ" ಎಂದು ಅಮ್ಮ ಅಪ್ಪನನ್ನು ಚುಚ್ಚುತ್ತಿದ್ದಳು. ನಾನು ಯಾರೊಡನೆಯೂ ಹೆಚ್ಚು ಮಾತಾಡುವವಳಲ್ಲ. ಆ ಪುಸ್ತಕದಲ್ಲಿ ಮಾತ್ರ, ಗಣಿತದಲ್ಲಿ ಫೇಲಾದದ್ದನ್ನೂ ತೋಳಗಳ ಪಕ್ಕದಲ್ಲೇ ಬರೆದಿದ್ದೆ. 'ಅಪ್ಪಂಗೆ ನಾನೇಳ್ತೀನಿ, ನೀನು ಮುಂದಕ್ಕೋಗು' ಎಂದು ಉತ್ತರ ಬಂದಿತ್ತು.

ಆಟ ಮುಗಿದ ಮೇಲೆ ಅದರ ಎರಡನೇ ಭಾಗಕ್ಕಾಗಿ ಇಬ್ಬರೂ ಕಾದೆವು. ಅದು ಬರುವಷ್ಟರಲ್ಲಿ ಚಿಕ್ಕಪ್ಪನಿಗೆ ಹಗಲು ಪಾಳಿ ಸಿಕ್ಕಿತ್ತು. ಅವರು ಕಂಪ್ಯೂಟರಿಗೆ ಹೊಸ ಬಿಡಿಭಾಗ ಹಾಕಿಸಿ, ಸಂಜೆ ಆರಕ್ಕೆ ಸ್ಟೂಲ್ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು.

"ನೀನಾಡು ಮಗಾ, ನಾನು ನೋಡ್ತೀನಿ."

"ನೀವೇ ಆಡಿ ಚಿಕ್ಕಪ್ಪ."

ಹೊಸ ನಾಡು ಹಳೆಯದಕ್ಕಿಂತ ಚೆಲುವಾಗಿತ್ತು. ಹುಲ್ಲು ಗಾಳಿಗೆ ಬಾಗುತ್ತಿತ್ತು. ಎದುರಿಗೇ ಇದ್ದವರಿಗೆ ಬರೆದು ತಿಳಿಸುವುದೇನೂ ಇರಲಿಲ್ಲ, ಬಾಯಿಬಿಟ್ಟು ಹೇಳಲು ಇಬ್ಬರಿಗೂ ಬರಲಿಲ್ಲ. ಕಾಲು ಗಂಟೆ ಕಳೆದ ಮೇಲೆ "ಹಾಲು ತರ್ಬೇಕಿತ್ತು" ಎಂದು ಚಿಕ್ಕಪ್ಪ ಎದ್ದರು. ಹಾಲು ಮನೆಯಲ್ಲಿತ್ತು. ಅಂದು ನಾನೊಂದು ಸಾಲು ಬರೆದಿಡಬಹುದಿತ್ತು. ಒಂದೇ ಮನೆಯಲ್ಲಿ ಎಚ್ಚರವಾಗಿರುವವರಿಗೆ ಬರೆಯುವುದು ವಿಚಿತ್ರವೆನಿಸಿ ನೋಟ್‌ಬುಕ್ ತೆರೆಯಲಿಲ್ಲ. ಆಟ ಮೊದಲ ಹಳ್ಳಿಯನ್ನು ದಾಟಲಿಲ್ಲ.

ಒಬ್ಬರೊಡನೆ ಮಾತು ಯಾವಾಗ ನಿಂತಿತೆಂದು ನಿಮಗೆ ನಿಖರವಾಗಿ ಹೇಳಲಾಗದೇನೋ. ನನಗೆ ಆ ಸಂಜೆ ಗೊತ್ತು. ಮರುವರ್ಷ ಚಿಕ್ಕಪ್ಪ ಮದುವೆಯಾಗಿ ಕೆಲಮಂಗಲಕ್ಕೆ ಹೋದರು. ಈಗ ಹಬ್ಬಕ್ಕೆ ಸಿಕ್ಕಾಗ "ಚೆನ್ನಾಗಿದ್ದೀಯವ್ವಾ?" ಎನ್ನುತ್ತಾರೆ. "ಹ್ಞೂಂ ಚಿಕ್ಕಪ್ಪ" ಎನ್ನುತ್ತೇನೆ. ಇಬ್ಬರೂ ನಗುತ್ತೇವೆ. ಆಮೇಲೆ ಅವರು ತಮ್ಮ ಮಕ್ಕಳ ಕಡೆ ತಿರುಗುತ್ತಾರೆ, ನಾನು ಊಟಕ್ಕೆ ಎಲೆ ಹಾಕಲು ಒಳಗೆ ಹೋಗುತ್ತೇನೆ.