ಶಾವಗಿ ಓಣಿಯ ಮುದಕವ್ವ

ಹಳಿಯಾಳದಾಗ ಯಾರನ್ನರ ಕೇಳ್ರಿ, ಮುದಕವ್ವ ಎಲ್ಲಿ ಅಂದ್ರ, ಶಾವಗಿ ಮುದಕವ್ವೇನು ಅಂತಾರ. ನಾ ಆಕಿ ಬಾಜೂ ಮನಿ ಸೊಸಿ, ಶಿವಗಂಗವ್ವ. ಈ ಕತಿ ನಾನ ಹೇಳಬೇಕು. ಉಳದಾವ್ರು ಹೇಳೂವಾಗ ನಡುನಡುವ ಸುಳ್ಳು ಸೇರಸ್ತಾರ. ನಾನೂ ಒಂದೀಟು ಸೇರಸ್ತೇನಿ ಅನ್ರಿ, ಆದ್ರ ಪಲ್ಲೇಕ ಉಪ್ಪು ಹಾಕಿದಷ್ಟ.

ಗಂಡ ಸತ್ತಾಗ ಆಕಿಗಿ ಇಪ್ಪತ್ತೆರಡು ವರ್ಷ. ಸಾಂಬ್ರಾಣಿಯಿಂದ ಅಣ್ಣ ಬಂಡಿ ಹೂಡಕೊಂಡು ಕರಿಯಾಕ ಬಂದಿದ್ದ. ಆಕಿ ಹೋಗಲಿಲ್ಲ. ಮನ್ಯಾಗ ಅತ್ತಿಯ ಕಾಲದ ಶಾವಗಿ ಮಣಿ ಒಂದಿತ್ತು, ಗೆರಿ ಕೊರದ ಉದ್ದನ ಹಲಗಿ. ಅದನ್ನ ಓರಿ ಮಾಡಿಟ್ಟು, ನಾದಿದ ಗೋದಿ ಹಿಟ್ಟು ಹಚ್ಚಿ, ಅಂಗೈಲೆ ಹೊಸಿಯಾಕ ಕುಂತ್ಳು. ಅಲ್ಲಿಂದ ಮೂವತ್ತು ವರ್ಷ ಎದ್ದಿಲ್ಲ. ಮುಂಡಗೋಡದಿಂದ ಜೋಯಿಡಾತನಾ ಯಾರ ಮನ್ಯಾಗ ಮದವಿ ಇದ್ದರೂ ಶಾವಗಿ ಆಕೀದ. ಯಾಕಂದ್ರ ಮುದಕವ್ವನ ಶಾವಗ್ಯಾಗ ಹಲ್ಲಿಗಿ ಒಂದು ಹರಳು ಸಿಕ್ಕಿದ್ದು ಯಾರೂ ಕಂಡಿರಲಿಲ್ಲ. ಆಕಿ ಆಸ್ತಿ ಅಂದ್ರ ಅದೊಂದ ಹೆಸರು.

ಆಕೀನ ನೋಡಿ ನಾವೂ ಕಲತಿವಿ. ಶಿವರಾತ್ರಿ ಮುಗೀತು ಅಂದ್ರ ಮಳಿ ಬೀಳೂತನಾ ಇಡೀ ಓಣಿ ಶಾವಗೀದು. ಎರಡೂ ಕಡೆ ಗ್ವಾಡಿಗುಂಟ ಹಗ್ಗ, ಹಗ್ಗಕ್ಕ ಕೋಲು, ಕೋಲಿನ ಮ್ಯಾಲ ಎಳಿ ಎಳಿಯಾಗಿ ಶಾವಗಿ. ಹಿತ್ತಲದಾಗ ಬಿಸಲಿಲ್ಲ, ಅಲ್ಲಿ ಹಾಕಿದ್ರ ಹುಳಿ ಹಿಡೀತಿತ್ತು. ಬಂಡಿಯವ್ರು ಅಷ್ಟು ತಿಳದಾವ್ರು. ನಮ್ಮ ಓಣಿ ಬಂತಂದ್ರ ಕೆಳಗಿಳದು, ಎತ್ತಿನ ಹಗ್ಗ ಹಿಡಕೊಂಡು ಸಾವಕಾಶ ದಾಟತಿದ್ರು. ಯಾರೂ ಅವರಿಗಿ ಹೇಳಿ ಕೊಟ್ಟಿದ್ದಿಲ್ಲ.

ಅರವತ್ತೊಂದರ ಬ್ಯಾಸಗಿ ಒಳಗ ಬಂತು ನೋಡ್ರಿ ಆ ಚಂದ್ರಹಾರ ವನಸ್ಪತಿ ತುಪ್ಪದ ಗಾಡಿ. ಮುಂಬೈ ಕಂಪನೀದು. ಮ್ಯಾಲ ಕಣಜದಷ್ಟು ದೊಡ್ಡ ತಗಡಿನ ಡಬ್ಬಿ, ಅದರ ಬಾಜೂಕ ಊರೆಲ್ಲ ಕೇಳೂವಂಗ ಒದರೂ ಎರಡು ಭೋಂಗಾ, ಹಿಂದ ಎರಡು ಜೀಪು. ಹಾಡು ಹಚ್ಚಕೊಂಡು, ಬಣ್ಣದ ಕಾಗದ ತೂರಕೋಂತ ಬರತಿದ್ವು. ಮೊದಲನೇ ದಿನ ನಾವೂ ಬಾಯಿ ತೆರಕೊಂಡು ನೋಡಿದಿವಿ, ಸುಳ್ಳ್ಯಾಕ ಹೇಳಲಿ. ಎರಡನೇ ದಿನ ಬಂದ್ವು. ಮೂರನೇ ದಿನದಿಂದ ಮುಂಜಾನೆ, ಮಧ್ಯಾಹ್ನ, ಸಂಜಿ ಅಂತ ದಿನಕ್ಕ ಮೂರು ಸಲ. ಕೆಂಪು ಧೂಳು ಮಾಳಗಿ ಮಟ ಏಳತಿತ್ತು. ಹೊಗಿ ಅಂತೂ ಕೇಳಬ್ಯಾಡ್ರಿ, ಶಾವಗಿ ಮೂಸಿದ್ರ ಎಣ್ಣಿ ನಾತ.

ಊರಾಗ ಆ ಕಂಪನಿ ಮಾಲು ಮಾರಾಂವ ಕಿರಾಣಿ ಅಂಗಡಿ ಉಳವಪ್ಪ. ಮುದಕವ್ವ ಅವನ ಕಡೆ ಹೋದ್ಳು, ಬೆನ್ನಿಗಿ ನಾನೂ ಹ್ವಾದೆ.

“ಉಳವಪ್ಪ, ಗಾಡಿ ದೊಡ್ಡ ರಸ್ತಾದಾಗ ತಿರಗಿಸಪಾ. ಶಾವಗಿ ಹಾಳಾಗಾಕತ್ತಾವ.”

“ಅಲ್ಲಬೇ, ತುಪ್ಪ ಕೊಳ್ಳಾವ್ರು ಹೆಣ್ಮಕ್ಕಳು. ಹೆಣ್ಮಕ್ಕಳು ಇರೂದು ಓಣ್ಯಾಗ. ದೊಡ್ಡ ರಸ್ತಾದಾಗ ಎಮ್ಮಿಗೋಳಿಗಿ ಹೇಳ್ಲೇನು?” ಅಂತ ನಕ್ಕ. “ಮ್ಯಾಲ ಪರವಾನಗಿ ಐತಿ.”

ನನಗ ಮೈ ಉರದು ಹೋತು. ಹಿರೇರು ಅಂತ ಬಸಲಿಂಗಯ್ಯನವರ ಕಟ್ಟಿಗಿ ಹ್ವಾದಿವಿ. ಓಣಿಯ ನ್ಯಾಯ ಹೇಳಾವ್ರು ಅವರು. ಅಡಕಿ ಕಡಕೋಂತ ಅಂದ್ರು, “ಊರು ಸುಧಾರಿಸಾಕತ್ತೈತಿ. ಒಂದೀಟು ಧೂಳು ಏಳತೈತಿ. ತಡಕೋರಿ.”

ತಡಕೊಂಡಿವಿ. ವಾರ ಕಳೀತು. ದಾಂಡೇಲಿಯಿಂದ ಮೊದಲನೇ ಬಸ್ಸಿಗಿ ಗೋದುಬಾಯಿ ಬಂದ್ಳು. ಆಕಿ ಗಂಡ ಕಾಗದದ ಮಿಲ್ಲಿನಾಗ ಕೆಲಸಕ್ಕಿದ್ದ, ಮನಿ ಬಂಗೂರನಗರದಾಗ. ಮಗಳ ಲಗ್ನಕ್ಕ ಹತ್ತು ಸೇರು ಶಾವಗಿ ಹೇಳಿದ್ಳು, ಅದರಾಗ ಎರಡು ಸೇರು ನಿಶ್ಚಯದ ಊಟಕ್ಕ ಅಂತ ಆ ವಾರದಾಗ ಮುಂಚೇನ ಒಯ್ದಿದ್ಳು. ಒಯ್ದಿದ್ದರಾಗ ಉಳದದ್ದನ್ನ ಗಂಟು ಕಟ್ಟಿ ತಂದು ಪಡಸಾಲ್ಯಾಗ ಇಟ್ಳು.

“ಮುದಕವ್ವ, ಸಿಟ್ಟಾಗಬ್ಯಾಡ. ಬೀಗರು ಮೊದಲನೇ ತುತ್ತಿಗೇ ಹಲ್ಲಿಗಿ ಉಸುಕು ಸಿಕ್ಕು ಬಾಯಾಗ ಬಟ್ಟು ಹಾಕಿದ್ರು. ನನಗ ನೆಲಾನ ಬಾಯಿ ಬಿಟ್ಟಂಗಾತು. ಲಗ್ನಕ್ಕ ಬ್ಯಾರೆ ಕಡೆ ನೋಡತೇವಿ.”

ಗೋದುಬಾಯಿ ಹೋದ ಮ್ಯಾಲ ಮುದಕವ್ವ ಮಣಿ ಮುಂದ ಕುಂತು ಸೆರಗಿಲೆ ಕಣ್ಣು ವರಿಸಿಕೊಂಡ್ಳು. ಗಂಡ ಸತ್ತಾಗ ಅಳಲಾರದಾಕಿ ಅಂತ ನಮ್ಮತ್ತಿ ಹೇಳತಿದ್ರು. ನನಗ ಆ ಗಾಡಿ ಟೈರಿಗಿ ಮೊಳೆ ಬಡೀಬೇಕು ಅನ್ನೂವಷ್ಟು ಸಿಟ್ಟು ಬಂತು.

ಅವತ್ತ ಸಂಜೀಕ ಭೋಂಗಾದಾಗ ಹೊಸ ಸುದ್ದಿ. ಬರೂ ಸಂತಿ ದಿನ ಅಡಗಿ ಪಂದ್ಯ. ಚಂದ್ರಹಾರದಾಗ ಸೀ ಅಡಗಿ ಮಾಡಿ ತರಬೇಕು, ಮುಂಬೈ ಸಾಹೇಬರು ತಿಂದು ನೋಡತಾರ, ಗೆದ್ದಾವ್ರಿಗಿ ಪಿತಾಳಿ ಸ್ಟೋವ್. ಮುದಕವ್ವ ಎದ್ದಾಕಿನ ಉಳವಪ್ಪನ ಅಂಗಡಿಗಿ ಹೋಗಿ ಒಂದು ಡಬ್ಬಿ ತಂದ್ಳು.

“ಮುದಕವ್ವತ್ತಿ, ನಿಮಗೇನು ತಲಿ ಕೆಟ್ಟೈತೇನು? ಮನಿ ಹಾಳು ಮಾಡಿದಾವ್ರ ತುಪ್ಪ ತಂದೀರಲ್ಲ,” ಅಂದೆ.

“ಸುಮ್ಕಿರು ಗಂಗಾ. ಗೋದುಬಾಯಿಗಿ ಹೇಳಿ ಕಳಸು, ಸಂತಿ ದಿನ ಬರಬೇಕಂತ. ನನ್ನ ಆಣಿ ಐತಿ ಅನ್ನು.”

ಓಣ್ಯಾಗ ಮಂದಿ ಆಡಕೊಂಡ್ರು, ಸ್ಟೋವಿಗಿ ಆಸೆ ಬಿದ್ಳು ಅಂತ. ಆಕಿ ಕಿವಿಗಿ ಹಾಕಿಕೊಳ್ಳಲಿಲ್ಲ. ಮರದಿನ ಎಲ್ಲಾರ್ಕಿಂತ ಮುಂಚೆ ಹೊಸ ಶಾವಗಿ ಮಾಡಿ ಓಣ್ಯಾಗ ಒಣಾ ಹಾಕಿದ್ಳು. ಮೂರು ಸಲ ಗಾಡಿ ದಾಟಿ ಹೋತು. ಸಂಜೀಕ ಜ್ವಾಕ್ಯಾಗಿ ತಗದು, ಜಾಡಸಲಾರದ ಡಬರ್ಯಾಗ ಇಟ್ಟು ಮುಚ್ಚಿದ್ಳು. ಆವಾಗ ನನಗ ತಿಳೀತು ಆಕಿ ಹಂಚಿಕಿ.

ಸಂತಿ ದಿನ ಗಾಡಿ ಹಿಂದ ಮ್ಯಾಜು ಹಾಕಿದ್ರು. ನಡುವ ಕರೇ ಚಸ್ಮಾದ ಸಾಹೇಬ, ಒಂದು ಕಡೆ ಬಸಲಿಂಗಯ್ಯನವ್ರು, ಇನ್ನೊಂದು ಕಡೆ ಉಳವಪ್ಪ. ಸಾಹೇಬ ಮೈಕು ಬಾಯಿಗಿ ಹಿಡಕೊಂಡ ತಿನ್ನಾಂವ. ಒಂದು ತುತ್ತು ಹಾಕ್ಕೋತಿದ್ದ, “ಬಹುತ್ ಅಚ್ಛಾ” ಅಂತಿದ್ದ, ಸಂತಿಯೆಲ್ಲ ಕೇಳತಿತ್ತು. ಉಂಡಿ ಆತು, ಶಿರಾ ಆತು, ಕರಿಗಡಬು ಆತು. ಮುದಕವ್ವನ ಪಾಳಿ ಬಂತು. ಆಕಿ ಎರಡು ಗಡಿಗಿ ತಂದಿದ್ಳು. ಒಂದನೇದರೊಳಗಿಂದ ಮೂವರಿಗೂ ಶಾವಗಿ ಪಾಯಸ ನೀಡಿದ್ಳು.

ಸಾಹೇಬ ಚಮಚಾ ತುಂಬಿ ಬಾಯಿಗಿ ಹಾಕ್ಕೊಂಡ. ಭೋಂಗಾದಾಗ ಕರಕರ ಅಂತು. ದೇವರಾಣಿ, ನಾ ಸೇರಸಿ ಹೇಳಿದ್ದಲ್ಲ. ಆಮ್ಯಾಲ “ಥೂ” ಅಂದಿದ್ದು ಎಮ್ಮಿ ಸಂತಿತನಾ ಕೇಳಸ್ತು. ಬಸಲಿಂಗಯ್ಯನವ್ರು ಹಲ್ಲು ಹಿಡಕೊಂಡು ಕುಂತ್ರು.

“ಏನಂತಾರ ಸಾಹೇಬ್ರು?” ಅಂತ ಕೇಳಿದ್ಳು ಮುದಕವ್ವ.

“ಉಸುಕೈತಿ ಅಂತಾರ,” ಅಂದ ಉಳವಪ್ಪ, ಮಾರಿ ಸಣ್ಣದು ಮಾಡಿ.

ಆಕಿ ಅದ ಗಡಿಗಿಯಿಂದ ತನಗೂ ಒಂದು ಬಟ್ಟಲ ತುಂಬಕೊಂಡ್ಳು. ನಿಂತಲ್ಲೇ ಉಂಡ್ಳು. ಕರಕರ ಅನ್ನೂದು ಮ್ಯಾಜಿನ ಮ್ಯಾಲಿನ ಮೈಕಿನಾಗ ಕೇಳತಿತ್ತು, ಆಕಿ ಮಾರಿ ಮ್ಯಾಲ ಒಂದು ಗೆರಿ ಅಲಗಲಿಲ್ಲ. ಬಟ್ಟಲ ತಳಾ ಬಟ್ಟಿಲೆ ಬಳದು ನುಂಗಿ, ಆಮ್ಯಾಲ ಮಾತಾಡಿದ್ಳು.

“ನಾ ಉಂಡೇನ್ರಿ. ಅನ್ನ ಚೆಲ್ಲೂ ಮನಿತನ ನಮ್ಮದಲ್ಲ. ಇದರಾಗ ಗೋದಿ ನಂದು, ಕೈ ನಂದು. ಉಸುಕು ನಿಮ್ಮ ಗಾಡೀದು. ದಿನಕ್ಕ ಮೂರು ಸಲ ನೀವ ತಂದು ಹಾಕಿದ್ದು ನಿಮಗ ನೀಡೇನಿ. ಈಗ ಇದನ್ನ ಉಣ್ರಿ. ಇದು ನಿಮ್ಮ ಗಾಡಿ ಬರೂಕಿಂತ ಮೊದಲ ಒಣಗಿಸಿದ್ದು.”

ಎರಡನೇ ಗಡಿಗಿಯಿಂದ ನೀಡಿದ್ಳು. ಉಳವಪ್ಪ ಹಿಂದೀ ಒಳಗ ಸಾಹೇಬಗ ತಿಳಿಸಿ ಹೇಳಿದ. ಉಸುಕು ನಮ್ಮ ಗಾಡೀದು ಅನ್ನೂದನ್ನ ಎರಡೆರಡು ಸಲ ಹೇಳಬೇಕಾತು ಅವಗ, ನನಗ ಭಾಳ ಆನಂದ ಆತು. ಸಾಹೇಬ ಚಸ್ಮಾ ತಗದಿಟ್ಟು ಅಂಜಕೋಂತ ಒಂದು ಚಮಚಾ ಬಾಯಿಗಿ ಹಾಕ್ಕೊಂಡ. ಇನ್ನೊಂದು ಹಾಕ್ಕೊಂಡ. ಬಟ್ಟಲ ಖಾಲಿ ಮಾಡಿ ಮತ್ತ ಮುಂದ ಹಿಡದ.

ಬಸಲಿಂಗಯ್ಯನವ್ರು ಎದ್ದು ನಿಂತ್ರು. “ತಡಕೋರಿ ಅಂದಾಂವ ನಾನ. ತಪ್ಪು ನಂದು. ಇವತ್ತಿನಿಂದ ಬ್ಯಾಸಗಿ ಮುಗಿಯೂತನಾ ಆ ಓಣಿಗಿ ಮೋಟಾರು ಇಲ್ಲ. ಹಗ್ಗ ಕಟ್ಟರಿ.” ಮಂದಿ ಹೋ ಅಂತ ಒದರಿದ್ರು. ನಾ ಎಲ್ಲಾರ್ಕಿಂತ ಜೋರ ಒದರಿದೆ, ಸೊಸಿ ಅನ್ನೂದು ಮರತು.

ಸ್ಟೋವ್ ಮುದಕವ್ವಗ ಸಿಕ್ತು. ಸಾಹೇಬ ಶಾಣ್ಯಾ, ಮಂದಿ ಮನಸ್ಸು ಯಾವ ಕಡೆ ಐತಿ ಅಂತ ಅವಗ ತಿಳೀತಿತ್ತು. ಆದ್ರ ಆಕಿ ಕಣ್ಣು ಮಂದ್ಯಾಗ ಹುಡಕಾಕತ್ತಿತ್ತು. ಗೋದುಬಾಯಿ ನೂಕಿಕೊಂಡು ಮುಂದ ಬಂದು, ಎರಡನೇ ಗಡಿಗೀದು ಒಂದು ತುತ್ತು ಉಂಡು, ಆಕಿ ಕೈ ಹಿಡಕೊಂಡ್ಳು.

“ಹತ್ತು ಸೇರಲ್ಲ ಮುದಕವ್ವ, ಹದಿನೈದು ಮಾಡು. ಬೀಗರಿಗೂ ನಾನ ಮನಿಗಿ ಒಯ್ದು ಕೊಟ್ಟು ಬರತೇನಿ.”

“ಮಾಡತೇನಿ. ಹಿಂದಿನ ಎರಡು ಸೇರಿಗಿ ರೊಕ್ಕ ಬ್ಯಾಡ,” ಅಂದ್ಳು ಮುದಕವ್ವ. ಆಕಿ ನಕ್ಕಿದ್ದು ಹದಿನೈದು ದಿನದ ಮ್ಯಾಲ ಅವತ್ತ ನೋಡಿದೆ.

ಓಣಿ ಬಾಯಿಗಿ ಹಗ್ಗ ನಾವ ಹೆಣ್ಮಕ್ಕಳು ಕಟ್ಟಿದಿವಿ. ಬಂಡಿ ಬಂದ್ರ ಬಿಚ್ಚತಿದ್ವಿ, ಮೋಟಾರು ಬಂದ್ರ ಇಲ್ಲ. ದೂರಿಂದ ಕಾಣಲಿ ಅಂತ ಮುದಕವ್ವ ಆ ಚಂದ್ರಹಾರದ ಖಾಲಿ ಡಬ್ಬಿ ತೊಳದು, ಒಳಗ ನಾಕು ಹರಳು ಹಾಕಿ ನಟ್ಟನಡುವ ತೂಗ ಹಾಕಿದ್ಳು. ಯಾರರ ಮುಟ್ಟಿದ್ರ ಗಡಗಡ ಅಂತಿತ್ತು. ಮೊದಲನೇ ದಿನ ಸಂಜೀಕ ಗಡಗಡ ಅಂತು. ಹೊರಗ ಬಂದು ನೋಡತೇವಿ, ಉಳವಪ್ಪ ಸೈಕಲ್ ಇಳದು, ತನ್ನ ಡಬ್ಬಿ ಕೆಳಗ ತಲಿ ಬಗ್ಗಿಸಿ, ಸೈಕಲ್ ನೂಕಿಕೋಂತ ಸಾವಕಾಶ ಒಳಗ ಬರಾಕತ್ತಿದ್ದ. ಅವನ ಹೇಣ್ತಿ ಎರಡು ಸೇರು ಶಾವಗಿ ತಾ ಅಂದಿದ್ಳಂತ.