ಹನ್ನೊಂದು ಮಂದಿ ಮುಟ್ಟಿ ನೋಡಿದರು

ಕಾಲೇಜಿನಲ್ಲಿ ಅವಳಿಗೆ ಕೀಲು ಮೇಡಂ ಎಂದೇ ಹೆಸರು. ದೇಹಚಲನ ವಿಜ್ಞಾನದ ಪದವಿಗೆ ಇಪ್ಪತ್ತೆರಡು ವರ್ಷದಿಂದ ಪ್ರಾಯೋಗಿಕ ತರಗತಿ ನಡೆಸುತ್ತಿದ್ದವಳು. ಕೀಲು ಎಷ್ಟು ಬಾಗುತ್ತದೆಂದು ಅಳೆಯುವ ಮೊದಲು ಮೂಳೆಯ ಉಬ್ಬನ್ನು ಬೆರಳಿನಿಂದ ಹುಡುಕಬೇಕು, ಕೋನಮಾಪಕ ಇಡುವುದು ಆಮೇಲೆ. ಕಣ್ಣಂದಾಜಿನಲ್ಲಿ ಬರೆದವರ ಚಳಿ ಬಿಡಿಸಿಬಿಡುತ್ತಿದ್ದಳು.

ಆ ವರ್ಷ ಪದವಿಯ ಮಾನ್ಯತೆಗಾಗಿ ವರದಿ ಕಳಿಸಬೇಕಿತ್ತು: ನೂರಕ್ಕೆ ಎಷ್ಟು ಮಕ್ಕಳು ಕೆಲಸವನ್ನು ನಿಜಕ್ಕೂ ಕಲಿತಿದ್ದಾರೆ? ವಿಭಾಗದ ಮುಖ್ಯಸ್ಥ ಅವಳ ಕೈಯಲ್ಲೇ ಪಳಗಿದ ಹಳೆಯ ಶಿಷ್ಯ. ತಾನಾಗಿ ಅವಳ ಕೋಣೆಗೆ ಬಂದ.

"ಇದ್ದದ್ದು ಇದ್ದ ಹಾಗೇ ಬರೀರಿ ಮೇಡಂ. ಇದು ಮೇಷ್ಟ್ರನ್ನ ಅಳೆಯೋ ಲೆಕ್ಕ ಅಲ್ಲ. ಕಮ್ಮಿ ಬಂದ್ರೆ ಅದನ್ನೇ ತೋರಿಸಿ ನಿಮ್ಮ ಲ್ಯಾಬಿಗೆ ಇನ್ನಷ್ಟು ಗಂಟೆ ಕೇಳೋಣ."

"ಆಮೇಲೆ ಕೈ ಎತ್ತಿಬಿಡಲ್ಲ ತಾನೇ?"

"ನಿಮಗೆ ನಾನು ಹಾಗೆ ಮಾಡ್ತೀನಾ?"

ನಂಬಿದಳು, ಪಾಪ. ಲ್ಯಾಬಿನ ಗಂಟೆಗಳಿಗಾಗಿ ಅವಳು ವರ್ಷಗಟ್ಟಲೆ ಗೋಗರೆದಿದ್ದಳು.

ಪರೀಕ್ಷೆಗೆ ಕಾಲೇಜು ಗುಡಿಸುವ ಅಕ್ಕನನ್ನು ಕರೆದು ಬೆಂಚಿನ ಮೇಲೆ ಮಲಗಿಸಿದಳು. ಮೆಟ್ಟಿಲಿನಿಂದ ಬಿದ್ದ ಮೇಲೆ ಅಕ್ಕನ ಬಲ ಮೊಣಕಾಲು ನೂರಹತ್ತು ಡಿಗ್ರಿಗಿಂತ ಹೆಚ್ಚು ಬಾಗುತ್ತಿರಲಿಲ್ಲ. "ಮಲಗೋ ಕೆಲಸ ದಿನಾ ಇದ್ರೆ ಹೇಳಿ ಮೇಡಂ," ಎಂದು ಅಕ್ಕ ನಕ್ಕಳು.

ನಲವತ್ತು ಮಂದಿ ಬಂದರು. ಇಪ್ಪತ್ತೊಂಬತ್ತು ಮಂದಿ ಕೋನಮಾಪಕವನ್ನು ಕಾಟಾಚಾರಕ್ಕೆ ಹಿಡಿದು, ಪುಸ್ತಕದಲ್ಲಿದ್ದ ನೂರಮೂವತ್ತೈದನ್ನೇ ಬರೆದುಹೋದರು. ಹನ್ನೊಂದು ಮಂದಿ ಮಾತ್ರ ಬೆರಳಿಟ್ಟು ಹುಡುಕಿ, ನಿಜವಾದ ಅಳತೆ ಬರೆದರು. ಮೇಡಂ ವರದಿಯಲ್ಲಿ ನಲವತ್ತಕ್ಕೆ ಹನ್ನೊಂದು ಎಂದೇ ನಮೂದಿಸಿದಳು. ತಂತಮ್ಮ ತಂಡದ ವರದಿ ಬರೆಯಬೇಕಿದ್ದ ಉಳಿದ ಮೂವರು ಅಧ್ಯಾಪಕರು ಯಾರ ಕಾಲನ್ನೂ ಮುಟ್ಟಿಸದೆ, ಕೂತಲ್ಲೇ ನೂರಕ್ಕೆ ತೊಂಬತ್ತೈದು ಎಂದು ಗೀಚಿದರು. "ನಿಮ್ಮಷ್ಟು ಧೈರ್ಯ ನಮಗೆಲ್ಲಿ ಮೇಡಂ," ಎಂದು ಅವರೇ ಮೊಗಸಾಲೆಯಲ್ಲಿ ಹೊಗಳಿದ್ದೂ ಉಂಟು.

ಸಭೆಯಲ್ಲಿ ಮುಖ್ಯಸ್ಥ ನಾಲ್ಕೂ ಅಂಕಿಗಳನ್ನು ಗೋಡೆಯ ಮೇಲೆ ತೋರಿಸಿದ.

"ಬೇರೆ ಕಡೆ ಎಲ್ಲಾ ಕಲಿತಿದ್ದಾರೆ, ಇಲ್ಲಿ ಮಾತ್ರ ಇಲ್ಲ ಅಂದ್ರೆ ಕಲಿಸೋದ್ರಲ್ಲೇ ಕೊರತೆ ಇದೆ. ಮುಂದಿನ ವರ್ಷದಿಂದ ಈ ಪರೀಕ್ಷೆ ಕಂಪ್ಯೂಟರಿನಲ್ಲಿ. ಲ್ಯಾಬ್ ಬೇಡ."

ಮೇಡಂ ಆ ಮೂವರ ಕಡೆ ನೋಡಿದಳು. ಒಬ್ಬರು ಕನ್ನಡಕ ಒರೆಸಿಕೊಂಡರು. ಉಳಿದಿಬ್ಬರು ತಲೆ ತಗ್ಗಿಸಿಕೊಂಡೇ ಕೈ ಎತ್ತಿ ಒಪ್ಪಿಗೆ ಕೊಟ್ಟರು.

ಉಳಿದವರೆಲ್ಲ ಹೋದ ಮೇಲೆ ಅವಳು ಮುಖ್ಯಸ್ಥನ ಮೇಜಿನ ಮುಂದೆ ನಿಂತಳು.

"ನಿಮ್ಮಮ್ಮಂಗೆ ಮುಂದಿನ ತಿಂಗಳು ಮೊಣಕಾಲಿನ ಆಪರೇಷನ್ ಅಲ್ವೇನಪ್ಪ? ಆಮೇಲೆ ವ್ಯಾಯಾಮ ಮಾಡ್ಸೋಕೆ ಕಂಪ್ಯೂಟರ್ ಒತ್ತಿ ಪಾಸಾದವರ ಕೈಗೆ ಕೊಡ್ತೀಯಾ ಅವರ ಕಾಲನ್ನ?"

ಅವನು ಕಾಗದಗಳನ್ನು ಜೋಡಿಸುತ್ತಲೇ ತೀರಾ ಸಹಜವಾಗಿ ಹೇಳಿದ:

"ಛೆ, ಅದೆಲ್ಲಾದ್ರೂ ಉಂಟಾ ಮೇಡಂ? ಅಮ್ಮನ್ನ ನಿಮ್ಮ ಹತ್ರಾನೇ ಕರ್ಕೊಂಡು ಬರ್ತೀನಿ. ಬೇರೆ ಯಾರನ್ನೂ ನಂಬೋಕಾಗಲ್ಲ."

ಅವನು ವ್ಯಂಗ್ಯವಾಡುತ್ತಿರಲಿಲ್ಲ. ಯಾರ ಅಳತೆ ಸರಿ ಎಂದು ಚೆನ್ನಾಗಿ ಗೊತ್ತಿದ್ದೇ ಅವಳ ಕತ್ತು ಕೊಯ್ದಿದ್ದ.